ಚಿಕ್ಕ ಮರದ ಸಾಮಾನುಗಳಿಗೆ ಯಾವ ಫಿನಿಶ್ ಒಳ್ಳೆಯದು? ಒಂದು ಡಬ್ಬಿ ಆಗಲೇ ಹಾಳಾಗಿದೆ

ಉಳಿಪೆಟ್ಟು:
ಎಲ್ಲರಿಗೂ ನಮಸ್ಕಾರ. ಮರಗೆಲಸ ನನ್ನ ಹೊಟ್ಟೆಪಾಡಲ್ಲ, ರಜೆ ದಿನದ ಹುಚ್ಚು ಅಷ್ಟೇ. ಎರಡು ವರ್ಷದಿಂದ ಚಿಕ್ಕ ಚಿಕ್ಕ ಸಾಮಾನು ಮಾಡುತ್ತಿದ್ದೇನೆ. ಕೊಯ್ಯುವುದು, ಕೀಸುವುದು, ಜೋಡಿಸುವುದು ಒಂದು ಮಟ್ಟಿಗೆ ಕೈಗೆ ಹತ್ತಿದೆ. ಆದರೆ ಕೊನೆಗೆ ಬಣ್ಣ, ಪಾಲಿಶ್ ಅಂತ ಬಂದಾಗ ಮಾತ್ರ ಪ್ರತಿ ಸಲ ಎದೆ ಡವಡವ. ಮೂರು ವಾರ ಕೂತು ಮಾಡಿದ್ದನ್ನು ಅರ್ಧ ಗಂಟೆಯಲ್ಲಿ ಕೆಡಿಸಿಕೊಂಡ ಅನುಭವ ಈಗಷ್ಟೇ ಆಗಿದೆ.

ಆಗಿದ್ದು ಇಷ್ಟು. ಪೈನ್ ಮರದಲ್ಲಿ ಅಂಗೈ ಅಗಲದ ಡಬ್ಬಿ ಮಾಡಿ, ವಾಲ್ನಟ್ ಬಣ್ಣದ ಸ್ಟೇನ್ (ಮರದೊಳಗೆ ಇಳಿದು ಬಣ್ಣ ಕೊಡುವ ದ್ರವ) ಒರೆಸಿದೆ. ಡಬ್ಬದ ಮೇಲಿನ ಚಿತ್ರದ ಹಾಗೆ ಬರಲಿಲ್ಲ. ಅಲ್ಲೊಂದು ಇಲ್ಲೊಂದು ಕಪ್ಪು ತೇಪೆ, ಮಧ್ಯೆ ಪೇಲವ ಪೇಲವ, ಮೂಲೆಗಳಲ್ಲಿ ಬಣ್ಣವೇ ಹಿಡಿಯದ ಬಿಳಿ ಚುಕ್ಕೆಗಳು. ಅದನ್ನು ಮುಚ್ಚೋಣ ಅಂತ ಬ್ರಷ್‌ನಲ್ಲಿ ಮೂರು ಸಲ ದಪ್ಪಗೆ ಪಾಲಿಯುರಥೇನ್ ವಾರ್ನಿಶ್ ಬಳಿದೆ. ಈಗ ಅದು ಪ್ಲಾಸ್ಟಿಕ್ ಡಬ್ಬಿಯ ಹಾಗೆ ಕಾಣುತ್ತದೆ, ಸಾಲದ್ದಕ್ಕೆ ಮುಚ್ಚಳವೂ ಕೂರುತ್ತಿಲ್ಲ!

ಈಗ ಮೇಜಿನ ಮೇಲೆ ನಾಲ್ಕು ಸಾಮಾನು ಕಾಯುತ್ತಿವೆ. ತೇಗದ ತುಂಡಿನಲ್ಲಿ ಮಾಡಿದ ಉಂಗುರದ ಡಬ್ಬಿ. ತಂಗಿಯ ಮಗುವಿಗೆ ಒಂದು ಆಟದ ಕಾರು (ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ). ಬೀಟೆಯ ಚೂರಿನಲ್ಲಿ ಕೊರೆದ ಪದಕ, ಕತ್ತಿಗೆ ಹಾಕಿಕೊಳ್ಳೋದು. ಮತ್ತೆ ಪೈನ್‌ನದೇ ಒಂದು ಫೋಟೋ ಚೌಕಟ್ಟು, ಇದಕ್ಕೆ ಬಣ್ಣ, ಸ್ವಲ್ಪ ಚಿನ್ನದ ಗೆರೆ ಬೇಕು ಅಂತ ಆಸೆ. ಎಲ್ಲದಕ್ಕೂ ಆಗುವಂಥ ಒಂದೇ ಫಿನಿಶ್ ಇದೆಯಾ? ನನ್ನ ಹತ್ತಿರ ಸ್ಪ್ರೇ ಗನ್ ಇಲ್ಲ. ಬ್ರಷ್, ಹಳೆ ಬಟ್ಟೆ, ಮಲಗುವ ಕೋಣೆಯ ಒಂದು ಮೂಲೆ, ಇಷ್ಟೇ. ವಾಸನೆ ಜಾಸ್ತಿ ಆದರೆ ಮನೆಯವರು ನನ್ನನ್ನೇ ಹೊರಗೆ ಹಾಕುತ್ತಾರೆ.

ಕೀಸುಳಿ:
ಒಂದೇ ಬೇಕು ಅಂದ್ರೆ ಶೆಲ್ಯಾಕ್. ಬಟ್ಟೆಯಲ್ಲಿ ತೆಳ್ಳಗೆ ಒರೆಸಿ, ಮುಗೀತು. ಪಾಲಿಯುರಥೇನ್ ದಿನಾ ಒದ್ದೆ ಬಟ್ಟೆಯಲ್ಲಿ ಒರೆಸುವ ಮೇಜಿಗೆ ಸರಿ. ಉಂಗುರ ಇಡುವ ಡಬ್ಬಿಗೆ ಅಂಥ ರಕ್ಷಾಕವಚ ಯಾಕೆ ಸರ್?

ಅರಗಿನಗೂಡು:
ಕೀಸುಳಿ ಅವರ ಮಾತು ಮುಕ್ಕಾಲು ಪಾಲು ಸರಿ, ಉಳಿದ ಕಾಲು ಪಾಲಿಗೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಮುಚ್ಚಳದ ವಿಷಯ. ಕಪಾಟಿನ ಮೇಲೆ ಕೂದಲೆಳೆಯಷ್ಟು ದಪ್ಪದ ಪದರ ಬಂದರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಗೈ ಅಗಲದ ಡಬ್ಬಿಯಲ್ಲಿ ಅಷ್ಟೇ ಪದರ ಅಂಚುಗಳನ್ನು ಮೊಂಡು ಮಾಡುತ್ತದೆ, ಕೆತ್ತನೆಯ ಗೆರೆ ತುಂಬುತ್ತದೆ, ಮುಚ್ಚಳ ಬಿಗಿಯುತ್ತದೆ. ಚಿಕ್ಕ ಸಾಮಾನನ್ನು ಜನ ಕೈಯಲ್ಲಿ ಹಿಡಿದು, ಕಣ್ಣ ಹತ್ತಿರ ತಂದು, ಬೆರಳಾಡಿಸಿ ನೋಡುತ್ತಾರೆ. ಹಾಗಾಗಿ ನಾನು ಮೊದಲು ಕೇಳಿಕೊಳ್ಳುವುದು ಇದನ್ನು ಯಾರು, ಎಲ್ಲಿ, ಎಷ್ಟು ಸಲ ಮುಟ್ಟುತ್ತಾರೆ ಅಂತ. ಹೊಳಪು, ಬಣ್ಣ ಎಲ್ಲ ಆಮೇಲೆ.

ಶೆಲ್ಯಾಕ್ ಅಂದ್ರೆ ನಮ್ಮ ಅರಗೇ, ಅರಗಿನ ಹುಳು ಕೊಂಬೆಯ ಮೇಲೆ ಕಟ್ಟುವ ಗೂಡಿನಿಂದ ಬರುವಂಥದ್ದು. ಚಕ್ಕೆಯ ರೂಪದಲ್ಲಿ ತಂದು ಸ್ಪಿರಿಟ್‌ನಲ್ಲಿ (ಪಾಲಿಶ್‌ಗೆ ಬಳಸುವ ಆಲ್ಕೋಹಾಲ್) ನೀವೇ ಕರಗಿಸಿಕೊಳ್ಳಿ. 100 ಮಿಲಿ ಸ್ಪಿರಿಟ್‌ಗೆ 12 ಗ್ರಾಂ ಚಕ್ಕೆ ಹಾಕಿದರೆ ಬಟ್ಟೆಯಲ್ಲಿ ಒರೆಸಲು ಬೇಕಾದ ತೆಳು ಹದ. 24 ಗ್ರಾಂ ಹಾಕಿದರೆ ಬ್ರಷ್‌ಗೆ. ಗಾಜಿನ ಬಾಟಲಿಯಲ್ಲಿ ಹಾಕಿ ಮುಚ್ಚಳ ಭದ್ರ ಮಾಡಿ, ಆಗಾಗ ಅಲ್ಲಾಡಿಸುತ್ತಾ ಒಂದು ರಾತ್ರಿ ಬಿಡಿ, ಬೆಳಗ್ಗೆ ಬಟ್ಟೆಯಲ್ಲಿ ಸೋಸಿ. ಬಾಟಲಿಯ ಮೇಲೆ ತಾರೀಖು ಬರೆಯೋದು ಮರೆಯಬೇಡಿ, ಯಾಕಂದ್ರೆ ಕರಗಿಸಿದ ಅರಗು ತಿಂಗಳುಗಳು ಕಳೆದ ಹಾಗೆ ಕೆಡುತ್ತದೆ, ಕೆಟ್ಟದ್ದು ಎಷ್ಟು ದಿನ ಬಿಟ್ಟರೂ ಅಂಟಂಟಾಗಿಯೇ ಇರುತ್ತದೆ. ಅನುಮಾನ ಬಂದರೆ ಒಂದು ಹನಿ ಗಾಜಿನ ಮೇಲೆ ಬಿಟ್ಟು ನೋಡಿ. ಮರುದಿನ ಉಗುರಿನಿಂದ ಒತ್ತಿದಾಗ ಗುರುತು ಬಿದ್ದರೆ ಚೆಲ್ಲಿಬಿಡಿ. ನಾನು ಜಿಪುಣತನ ಮಾಡಿ ಹಳೆಯದನ್ನೇ ಹಚ್ಚಿ, ಒಂದು ಇಡೀ ಚದುರಂಗದ ಸೆಟ್ಟನ್ನು ಸ್ಪಿರಿಟ್‌ನಲ್ಲಿ ತೊಳೆದಿದ್ದೇನೆ. 32 ಕಾಯಿ!

ಹಚ್ಚುವುದು ಸುಲಭ. ಹತ್ತಿಯ ಉಂಡೆಯನ್ನು ಮೆತ್ತನೆ ಹಳೆ ಬಟ್ಟೆಯಲ್ಲಿ ಸುತ್ತಿ, ಅದ್ದಿ, ಹಿಂಡಿ, ಒಂದೇ ಎಳೆತದಲ್ಲಿ ಒರೆಸುತ್ತಾ ಹೋಗಿ. ಒರೆಸಿದ ಜಾಗಕ್ಕೆ ತಕ್ಷಣ ವಾಪಸ್ ಬರಬೇಡಿ, ಅರ್ಧ ಒಣಗಿದ ಅರಗು ಎದ್ದು ಬರುತ್ತದೆ. ಒಂದು ಗಂಟೆ ಬಿಟ್ಟು ಮುಂದಿನ ಕೈ. ಹೊಸ ಪದರ ಹಳೆಯದನ್ನು ಸ್ವಲ್ಪ ಕರಗಿಸಿಕೊಂಡು ಅದರೊಳಗೇ ಬೆರೆಯುತ್ತದೆ, ಅದಕ್ಕೇ ಮಧ್ಯೆ ಉಜ್ಜಲೇಬೇಕು ಅಂತಿಲ್ಲ. ಧೂಳಿನ ಕಾಳು ಕೈಗೆ ಸಿಕ್ಕಿದರೆ ಮಾತ್ರ 400ರ (ಅಂಕಿ ಹೆಚ್ಚಿದಷ್ಟೂ ನುಣುಪು) ಸ್ಯಾಂಡ್‌ಪೇಪರ್ ಮೇಲೆಮೇಲೆ ಆಡಿಸಿ. ಸ್ಪಿರಿಟ್ ವಾಸನೆ ಬೇಗ ಹೋಗುತ್ತದೆ, ಆದರೂ ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಈಗ ಆ ಕಾಲು ಪಾಲು. ಶೆಲ್ಯಾಕ್‌ಗೆ ಬಿಸಿ ಆಗುವುದಿಲ್ಲ, ಆಲ್ಕೋಹಾಲ್ ಅಂತೂ ಆಗುವುದೇ ಇಲ್ಲ. ಉಂಗುರದ ಡಬ್ಬಿಯ ಪಕ್ಕದಲ್ಲೇ ಸೆಂಟ್ ಬಾಟಲಿ ಇಡುವ ಅಭ್ಯಾಸ ಇದ್ದರೆ ಎಚ್ಚರ, ಒಂದು ಹನಿ ಬಿದ್ದರೂ ಅಲ್ಲಿ ಕರಗಿ ಕಲೆಯಾಗುತ್ತದೆ. ನೀರು ನಿಂತರೆ ಬಿಳಿ ಉಂಗುರ ಬೀಳುತ್ತದೆ. ಆದರೆ ಕೆಟ್ಟ ಜಾಗವನ್ನು ಅದೇ ಬಟ್ಟೆಯಿಂದ ಎರಡು ನಿಮಿಷದಲ್ಲಿ ಸರಿ ಮಾಡಬಹುದು, ಪಾಲಿಯುರಥೇನ್‌ನಲ್ಲಿ ಆ ಸುಖ ಇಲ್ಲ.

ಇನ್ನೊಂದು ಮಾತು, ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ: ಡಬ್ಬಿಯ ಒಳಗೆ ಎಣ್ಣೆ ಹಚ್ಚಬೇಡಿ. ಮುಚ್ಚಿದ ಜಾಗದಲ್ಲಿ ಗಾಳಿ ಆಡದೆ ತಿಂಗಳುಗಟ್ಟಲೆ ಕಮಟು ವಾಸನೆ ಉಳಿಯುತ್ತದೆ. ಒಳಗೆ ಶೆಲ್ಯಾಕ್ ಒಂದೆರಡು ಕೈ, ಇಲ್ಲವೇ ಏನೂ ಬೇಡ. ಒಳಗೋಡೆಗಳಿಗೆ ಜೋಡಿಸುವ ಮೊದಲೇ ಹಚ್ಚಿಬಿಟ್ಟರೆ ಇನ್ನೂ ಒಳ್ಳೆಯದು. ಅಂಟು ಬೀಳುವ ಜಾಗಕ್ಕೆ ಮಾತ್ರ ಟೇಪ್ ಹಾಕಿಕೊಳ್ಳಿ. ಮೂಲೆಯ ಬಿಳಿ ಚುಕ್ಕೆ ಅಂದಿರಲ್ಲ, ಅದು ಹೊರಗೆ ಉಕ್ಕಿದ ಅಂಟು. ಮುಂದಿನ ಸಲ ಸ್ಟೇನ್‌ಗೆ ಮೊದಲು ಇಡೀ ಸಾಮಾನನ್ನು ಸ್ಪಿರಿಟ್‌ನಲ್ಲಿ ಒರೆಸಿ. ಅಂಟು ಇದ್ದ ಕಡೆ ಬಣ್ಣ ಬೇರೆಯಾಗಿ ಕಾಣುತ್ತದೆ, ಆಗಲೇ ಕೆರೆದುಬಿಡಿ.

ಬಣ್ಣದಹುಚ್ಚಿ:
ಪೈನ್ ಪಾಪ, ಅದರ ತಪ್ಪಲ್ಲ. ಆ ಮರದಲ್ಲಿ ಮೆತ್ತನೆ ಭಾಗ, ಗಟ್ಟಿ ಭಾಗ ಪಟ್ಟೆಪಟ್ಟೆಯಾಗಿ ಇರುತ್ತವೆ. ಮೆತ್ತನೆಯದು ಬಣ್ಣವನ್ನು ಗಟಗಟ ಕುಡಿಯುತ್ತದೆ, ಗಟ್ಟಿ ಭಾಗ ಬಾಯಿಯೇ ತೆರೆಯುವುದಿಲ್ಲ. ಅದಕ್ಕೇ ತೇಪೆ. ಸ್ಟೇನ್‌ಗೆ ಮೊದಲು ತೀರಾ ತೆಳುವಾದ ಶೆಲ್ಯಾಕ್ ಒಂದು ಕೈ ಒರೆಸಿ, ಒಣಗಿದ ಮೇಲೆ 320ರಲ್ಲಿ ಹಗುರವಾಗಿ ಉಜ್ಜಿ, ಆಮೇಲೆ ಜೆಲ್ ಸ್ಟೇನ್ (ಮಂದವಾದ, ಹರಿಯದ ಸ್ಟೇನ್) ಹಾಕಿದರೆ ಎಷ್ಟೋ ಸಮ ಬರುತ್ತದೆ. ಪೆಟ್ಟಿಗೆಯ ಬದಿಗಳಲ್ಲಿ ಮರದ ಅಡ್ಡ ಕೊಯ್ದ ತುದಿ ಕಾಣುತ್ತಲ್ಲ, ಅದು ಸ್ಪಂಜಿನ ಹಾಗೆ ಹೀರುತ್ತದೆ. ಉಳಿದದ್ದನ್ನು 180ಕ್ಕೆ ನಿಲ್ಲಿಸಿದರೆ ತುದಿಗಳನ್ನು 320ರ ತನಕ ನುಣುಪು ಮಾಡಿ, ಆಗ ಎರಡೂ ಕಡೆ ಬಣ್ಣ ಹೊಂದುತ್ತದೆ.

ಆದರೆ ನನ್ನ ಕೇಳಿದರೆ, ಪೈನ್‌ಗೆ ವಾಲ್ನಟ್ ವೇಷ ಹಾಕಿಸಲೇಬೇಡಿ. ಅದಕ್ಕೆ ನೇರವಾಗಿ ಬಣ್ಣವೇ ಚೆಂದ. ಚೌಕಟ್ಟಿಗೆ ಮಿಲ್ಕ್ ಪೇಂಟ್ ನೋಡಿ. ಹಾಲಿನ ಕೇಸೀನ್, ಸುಣ್ಣ, ಬಣ್ಣದ ಪುಡಿ, ಇಷ್ಟೇ ಇರುತ್ತದೆ. ಪುಡಿಗೆ ನೀರು ಕಲಸಿ ಅವತ್ತಿಂದು ಅವತ್ತೇ ಮುಗಿಸಬೇಕು, ನಾಳೆಗೆ ಉಳಿಯುವುದಿಲ್ಲ. ವಾಸನೆ ಇಲ್ಲವೇ ಇಲ್ಲ ಅನ್ನಬಹುದು. ಕೆಳಗೆ ಕೆಂಪು, ಒಣಗಿದ ಮೇಲೆ ಅದರ ಮೇಲೆ ಕಪ್ಪು ಹಚ್ಚಿ, ಕೈ ತಾಗುವ ಅಂಚುಗಳಲ್ಲಿ ಮಾತ್ರ ನಿಧಾನವಾಗಿ ಉಜ್ಜಿದರೆ ಕೆಂಪು ಇಣುಕುತ್ತದೆ. ನೂರು ವರ್ಷ ಬಳಸಿದ ಸಾಮಾನಿನ ಹಾಗೆ. ಎಲ್ಲ ಕಡೆ ಸಮನಾಗಿ ಉಜ್ಜಿದರೆ ಮಾತ್ರ ಕೃತಕ ಅಂತ ತಕ್ಷಣ ಗೊತ್ತಾಗುತ್ತದೆ, ನಿಜವಾಗಿ ಸವೆಯುವ ಜಾಗ ಯಾವುದು ಅಂತ ಯೋಚಿಸಿ ಉಜ್ಜಿ.

ನೀರು ಬೆರೆತ ಯಾವುದೇ ಬಣ್ಣ ಮರದ ಎಳೆಗಳನ್ನು ಎಬ್ಬಿಸುತ್ತದೆ. ಮೊದಲೇ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ಎಳೆಗಳನ್ನು 220ರಲ್ಲಿ ಉಜ್ಜಿಬಿಟ್ಟರೆ ಆಮೇಲೆ ಅಷ್ಟು ಏಳುವುದಿಲ್ಲ.

ಚಿನ್ನದ ಗೆರೆಗೆ ಎರಡು ದಾರಿ. ನಿಜವಾದ ಚಿನ್ನದ ರೇಕು ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲಿನಷ್ಟು ತೆಳು. ಉಸಿರು ಬಿಟ್ಟರೆ ಹಾರುತ್ತದೆ, ಕೆಳಗಿನ ಒಂದು ಗೀರನ್ನೂ ಮುಚ್ಚುವುದಿಲ್ಲ, ಬದಲಿಗೆ ಎತ್ತಿ ತೋರಿಸುತ್ತದೆ. ನಕಲಿ ರೇಕು ತಾಮ್ರ, ಸತುವಿನದು, ಸ್ವಲ್ಪ ದಪ್ಪ, ಕಲಿಯುವವರಿಗೆ ಸುಲಭ. ಆದರೆ ಗಾಳಿಗೆ ಕಪ್ಪಾಗುತ್ತದೆ, ಮೇಲೊಂದು ಶೆಲ್ಯಾಕ್ ಪದರ ಬೇಕೇ ಬೇಕು. ಇಷ್ಟೆಲ್ಲ ಬೇಡ ಅಂದ್ರೆ ಚಿನ್ನದ ಬಣ್ಣದ ಮೈಕಾ ಪುಡಿಯನ್ನು ಶೆಲ್ಯಾಕ್‌ನಲ್ಲಿ ಕಲಸಿ ಸಣ್ಣ ಬ್ರಷ್‌ನಲ್ಲಿ ಎಳೆಯಿರಿ. ಒಂದೇ ಗೆರೆ. ಇಡೀ ಚೌಕಟ್ಟು ಚಿನ್ನ ಮಾಡಿದರೆ ಒಳಗಿನ ಫೋಟೋವನ್ನು ಯಾರೂ ನೋಡುವುದಿಲ್ಲ.

ಕೀಸುಳಿ:
ಮರದ ಮೇಲೆ ಬಣ್ಣ ಬಳಿಯೋದಾದ್ರೆ ಮರ ಯಾಕೆ ಬೇಕಿತ್ತು, ರಟ್ಟು ಸಾಕಲ್ವಾ?

ಬಣ್ಣದಹುಚ್ಚಿ:
ರಟ್ಟಿನಲ್ಲಿ ಜೋಡಣೆ ಮಾಡಿ ತೋರಿಸಿ, ಆಮೇಲೆ ಮಾತಾಡೋಣ :)

ಆಟಿಕೆಅಮ್ಮ:
ಕಾರಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಮೂರು ಮಕ್ಕಳು ಜಗಿದ ಆಟಿಕೆ ಮಾಡಿದವಳು ನಾನು.

ಶೆಲ್ಯಾಕ್ ತಿಂದರೂ ತೊಂದರೆ ಇಲ್ಲ, ಮಾತ್ರೆ ಮತ್ತು ಮಿಠಾಯಿಗಳ ಮೇಲೆ ಹೊಳಪಿಗೆ ಅದನ್ನೇ ಹಾಕುತ್ತಾರೆ, ಇ904 ಅಂತ ಬರೆದಿರುತ್ತದೆ. ಆದರೆ ದಿನವಿಡೀ ಜೊಲ್ಲಿನಲ್ಲಿ ನೆನೆಯುವ ಸಾಮಾನಿನ ಮೇಲೆ ಅದು ಬೆಳ್ಳಗಾಗಿ ಮಾಸುತ್ತದೆ. ನಾನು ಹಚ್ಚುವುದು ಎಣ್ಣೆ, ಜೇನುಮೇಣ. ತೂಕದಲ್ಲಿ ಒಂದು ಪಾಲು ಜೇನುಮೇಣ, ನಾಲ್ಕು ಪಾಲು ಔಷಧಿ ದರ್ಜೆಯ ಮಿನರಲ್ ಆಯಿಲ್. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಮೇಣ 65 ಡಿಗ್ರಿ ಒಳಗೇ ಕರಗುತ್ತದೆ, ನೇರ ಉರಿಯ ಮೇಲೆ ಇಡಬೇಡಿ. ಹಚ್ಚಿ, ಒಂದು ರಾತ್ರಿ ಬಿಟ್ಟು, ಮಿಕ್ಕಿದ್ದನ್ನು ಚೆನ್ನಾಗಿ ಒರೆಸಿ ತೆಗೆಯಿರಿ. ಇದು ಒಣಗಿ ಗಟ್ಟಿಯಾಗುವ ಫಿನಿಶ್ ಅಲ್ಲ, ಸವೆಯುತ್ತದೆ, ಆಗಾಗ ಮತ್ತೆ ಹಚ್ಚಬೇಕು. ಒಂದು ಸಲ ಮೇಣ ಹಿಡಿಸಿದ ಮರದ ಮೇಲೆ ಬೇರೆ ಪೇಂಟು, ವಾರ್ನಿಶ್ ಯಾವುದೂ ನೆಟ್ಟಗೆ ಅಂಟುವುದಿಲ್ಲ, ಅದನ್ನೂ ನೆನಪಿಡಿ.

ವಾಲ್ನಟ್ ಎಣ್ಣೆ ಕೂಡ ಕೆಲವರು ಹೇಳುತ್ತಾರೆ, ಚೆನ್ನಾಗಿಯೇ ಇರುತ್ತದೆ. ಆದರೆ ಮಗುವಿಗೆ ಬೀಜಗಳ ಅಲರ್ಜಿ ಇದೆಯೋ ಇಲ್ಲವೋ ನಿಮಗೆ ಗೊತ್ತಿರುವುದಿಲ್ಲ, ಸುಮ್ನೆ ಯಾಕೆ? ಬಣ್ಣ ಹಚ್ಚಲೇಬೇಕು ಅಂದ್ರೆ ಆಟಿಕೆಗಳಿಗೆ ಅಂತಲೇ ಇರುವ ಬಣ್ಣ ತನ್ನಿ. ಡಬ್ಬದ ಮೇಲೆ ಇಎನ್ 71-3 ಅಂತ ಇರುತ್ತದೆ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಬಣ್ಣದಿಂದ ಎಷ್ಟು ಹೊರಬರಬಹುದು ಅನ್ನುವ ಯುರೋಪಿನ ಮಿತಿ ಅದು. ಅಟ್ಟದ ಮೇಲೆ ಸಿಕ್ಕಿದ ಹಳೆ ಡಬ್ಬದ ಬಣ್ಣ ಮಾತ್ರ ಖಂಡಿತ ಬೇಡ.

ಕೇಳದಿದ್ದರೂ ಹೇಳುತ್ತೇನೆ: ಕಾರಿನ ಚಕ್ರಗಳನ್ನು ನಿಮ್ಮ ಪೂರ್ತಿ ಶಕ್ತಿ ಹಾಕಿ ಎಳೆದು ನೋಡಿ. ನಿಮ್ಮ ಕೈಗೆ ಬಂದರೆ ಮಗುವಿನ ಬಾಯಿಗೂ ಹೋಗುತ್ತದೆ. ಅಚ್ಚಿಗೆ ಬಣ್ಣ, ಪಾಲಿಶ್ ಏನೂ ಬೇಡ, ಬರೀ ಮೇಣ ತಿಕ್ಕಿ.

ಉಳಿಪೆಟ್ಟು:
ಇಷ್ಟೆಲ್ಲ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಂದು ತಪ್ಪು ಒಪ್ಪಿಕೊಳ್ಳಬೇಕು. ಪದಕಕ್ಕೆ ತಾಳ್ಮೆ ಸಾಲದೆ ಆಗಲೇ ಬಾಯ್ಲ್ಡ್ ಲಿನ್ಸೀಡ್ ಎಣ್ಣೆ (ಅಗಸೆ ಎಣ್ಣೆ) ಒರೆಸಿಬಿಟ್ಟಿದ್ದೆ. ತೇಗದ ತುಂಡಿನ ಮೇಲೆ ಹಚ್ಚಿದ್ದು ಒಣಗಿದೆ, ಬೀಟೆಯ ಮೇಲಿನದು ನಾಲ್ಕು ದಿನ ಆದರೂ ಅಂಟಂಟು. ನಿನ್ನೆ ಇನ್ನೊಂದು ಕೈ ಹಚ್ಚಿ ನೋಡಿದೆ, ಇನ್ನೂ ಹದಗೆಟ್ಟಿತು. ಎಣ್ಣೆಯೇ ಹಳೆಯದಾ?

ಬೀಟೆಗಂಟು:
ಎಣ್ಣೆ ಸರಿಯಾಗಿಯೇ ಇದೆ, ಮರ ಬೇಡ ಅನ್ನುತ್ತಿದೆ. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗುವುದಲ್ಲ, ಗಾಳಿಯಲ್ಲಿನ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ. ಬೀಟೆ ಮತ್ತು ಅದರ ಬಳಗದ ಮರಗಳಲ್ಲಿ ಇರುವ ಕೆಲವು ಅಂಶಗಳು ಅದನ್ನೇ ತಡೆಯುತ್ತವೆ. ವಾರ, ತಿಂಗಳು ಕಾದರೂ ಅಂಟು ಹೋಗದೆ ಇರಬಹುದು. ಎಣ್ಣೆ ಬೆರೆತ ವಾರ್ನಿಶ್ ಹಚ್ಚಿದರೂ ಇದೇ ಕಥೆ.

ಈಗ ಹೀಗೆ ಮಾಡಿ. ಟರ್ಪೆಂಟೈನ್‌ನಲ್ಲಿ ಒರೆಸಿ ಅಂಟನ್ನೆಲ್ಲ ತೆಗೆಯಿರಿ, ಆಮೇಲೆ ಅಸಿಟೋನ್ ಹಾಕಿದ ಬಟ್ಟೆಯಲ್ಲಿ ಮತ್ತೊಮ್ಮೆ. ಬಟ್ಟೆ ಕೆಂಪಗೆ, ನೇರಳೆಯಾಗಿ ಆಗುತ್ತದೆ, ಗಾಬರಿ ಬೇಡ, ಅದು ಮರದ್ದೇ ಬಣ್ಣ. ಮರ ಒಣಗಿದ ಮೇಲೆ ತಡ ಮಾಡದೆ ಮೇಣ ತೆಗೆದ ಶೆಲ್ಯಾಕ್ ಒಂದೆರಡು ಕೈ. ಶೆಲ್ಯಾಕ್ ಒಣಗುವುದು ಸ್ಪಿರಿಟ್ ಹಾರಿಹೋಗಿ, ಹಾಗಾಗಿ ಬೀಟೆಯ ಆಟ ಅದರ ಹತ್ತಿರ ನಡೆಯುವುದಿಲ್ಲ. ಅದರ ಮೇಲೆ ಬೇಕಾದ್ದು ಹಚ್ಚಬಹುದು. ಮೇಣ ಇರುವ ಮಾಮೂಲಿ ಶೆಲ್ಯಾಕ್ ಆದರೆ ಮೇಲೆ ಹಾಕಿದ ಪಾಲಿಯುರಥೇನ್ ಸುಲಿದು ಬರುವ ಸಾಧ್ಯತೆ ಇದೆ, ಅದಕ್ಕೇ ಮೇಣ ತೆಗೆದದ್ದು ಅಂದಿದ್ದು.

ನಾನಾಗಿದ್ದರೆ ಪದಕಕ್ಕೆ ಮುಂಭಾಗದಲ್ಲಿ ಏನೂ ಹಚ್ಚುತ್ತಿರಲಿಲ್ಲ. ಇಷ್ಟು ಒತ್ತಾದ ಮರವನ್ನು 400, 600, 1000 ಅಂತ ಏರಿಸುತ್ತಾ 2000ದ ತನಕ ಉಜ್ಜಿದರೆ ಅದು ತಾನೇ ಕನ್ನಡಿಯ ಹಾಗೆ ಹೊಳೆಯುತ್ತದೆ. ಮೇಲೆ ಚೂರು ಮೇಣ ತಿಕ್ಕಿದರೆ ಮುಗಿಯಿತು. ಚರ್ಮಕ್ಕೆ ತಾಗುವ ಹಿಂಭಾಗಕ್ಕೆ ಮಾತ್ರ ಶೆಲ್ಯಾಕ್ ಹಾಕಿ, ಕೆಲವರಿಗೆ ಬೀಟೆ ತಾಗಿದರೆ ತುರಿಕೆ ಏಳುತ್ತದೆ. ಉಜ್ಜುವಾಗ ಮಾಸ್ಕ್ ಹಾಕಿಕೊಳ್ಳಿ. ಆ ಪುಡಿ ಒಳ್ಳೆಯದಲ್ಲ, ನನಗೆ ಒಂದು ವಾರ ಕಣ್ಣು ಊದಿತ್ತು.

ಕೀಸುಳಿ:
ಒಂದು ನಿಮಿಷ. ಆ ಎಣ್ಣೆ ಒರೆಸಿದ ಬಟ್ಟೆ ಎಲ್ಲಿಟ್ಟಿದ್ದೀರಿ?

ಉಳಿಪೆಟ್ಟು:
ನಿನ್ನೆಯದು ಮುದ್ದೆ ಮಾಡಿ ಮೂಲೆಯ ಕಸದ ಬುಟ್ಟಿಗೆ ಹಾಕಿದೆ, ಮರದ ಪುಡಿ ಎಲ್ಲ ಅದರಲ್ಲೇ ಇದೆ. ಯಾಕೆ?

ಕೀಸುಳಿ:
ಮೊದಲು ಎದ್ದು ಅದನ್ನು ಹೊರಗೆ ತೆಗೆಯಿರಿ, ಆಮೇಲೆ ಓದಿ.

ಬೀಟೆಗಂಟು ಹೇಳಿದ್ದೇ ಕಾರಣ. ಎಣ್ಣೆ ಆಮ್ಲಜನಕ ಹೀರುವಾಗ ಬಿಸಿ ಹುಟ್ಟುತ್ತದೆ. ಹರವಿದ ಬಟ್ಟೆಯಲ್ಲಿ ಆ ಬಿಸಿ ಗಾಳಿಗೆ ಹೋಗಿಬಿಡುತ್ತದೆ. ಮುದ್ದೆ ಮಾಡಿದರೆ ಹೋಗಲು ದಾರಿ ಇಲ್ಲ, ಒಳಗೊಳಗೇ ಏರುತ್ತಾ ಏರುತ್ತಾ ಕಿಡಿಯೇ ಇಲ್ಲದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಬಾಯ್ಲ್ಡ್ ಅಂತ ಹೆಸರಿದ್ದರೂ ಅದನ್ನು ಕುದಿಸಿರುವುದಕ್ಕಿಂತ ಬೇಗ ಒಣಗಲಿ ಅಂತ ಲೋಹದ ಲವಣ ಬೆರೆಸಿರುವುದೇ ಮುಖ್ಯ, ಆದ್ದರಿಂದ ಅಪಾಯ ಇನ್ನೂ ಜಾಸ್ತಿ. ಡ್ಯಾನಿಶ್ ಆಯಿಲ್, ಟಂಗ್ ಎಣ್ಣೆಯಂಥ, ಮರಕ್ಕೆ ಹಚ್ಚಿದಾಗ ಹೀಗೇ ಒಣಗುವ ಎಣ್ಣೆಗಳಿಗೂ ಇದೇ ಎಚ್ಚರ ಬೇಕು. ನನ್ನ ಮನೆಯಲ್ಲಿ ಒಂದು ಸಂಜೆ ಸುಟ್ಟ ವಾಸನೆ ಬಂತು ಅಂತ ಹೋಗಿ ನೋಡಿದರೆ ಪ್ಲಾಸ್ಟಿಕ್ ಬುಟ್ಟಿ ಅರ್ಧ ಕರಗಿ ನೆಲಕ್ಕೆ ಅಂಟಿತ್ತು, ಒಳಗಿಂದ ಹೊಗೆ. ಅವತ್ತು ನಾನು ಊರಲ್ಲಿ ಇಲ್ಲದಿದ್ದರೆ ಏನಾಗುತ್ತಿತ್ತೋ. ಬಟ್ಟೆಯನ್ನು ಹೊರಗೆ ಒಂದೇ ಪದರವಾಗಿ ಹರವಿ, ಗಟ್ಟಿಯಾದ ಮೇಲೆ ಎಸೆಯಿರಿ. ಇಲ್ಲವೇ ನೀರು ತುಂಬಿದ ತಗಡಿನ ಡಬ್ಬದಲ್ಲಿ ಮುಳುಗಿಸಿ ಮುಚ್ಚಿಡಿ.

ಉಳಿಪೆಟ್ಟು:
ತೆಗೆದೆ. ಸರ್, ಬಟ್ಟೆ ಬೆಚ್ಚಗಿತ್ತು. ಸುಳ್ಳಲ್ಲ. ಈಗ ಅಂಗಳದ ತಂತಿಯ ಮೇಲೆ ಒಂಟಿಯಾಗಿ ತೂಗುಹಾಕಿದ್ದೇನೆ. ಕೈ ಇನ್ನೂ ತಣ್ಣಗಾಗಿದೆ.

ಬಣ್ಣದಹುಚ್ಚಿ:
ಅಬ್ಬಾ. ಕೀಸುಳಿ ಅವರೇ, ರಟ್ಟಿನ ಮಾತು ಮಾಫಿ.

ಉಳಿಪೆಟ್ಟು:
ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ಈ ಸಲ ನೇರವಾಗಿ ಸಾಮಾನಿಗೆ ಕೈ ಹಾಕಲಿಲ್ಲ. ಅದೇ ಹಲಗೆಯಿಂದ ಉಳಿದ ಚೂರುಗಳನ್ನು ಹೆಕ್ಕಿ, ಸಾಮಾನನ್ನು ಉಜ್ಜಿದಷ್ಟೇ ಉಜ್ಜಿ, ಹಿಂದೆ ಪೆನ್ಸಿಲ್‌ನಲ್ಲಿ ಏನು ಹಚ್ಚಿದೆ ಅಂತ ಬರೆದು ನೋಡಿದೆ. 11 ಚೂರು ಆಯ್ತು. ಅದರಲ್ಲಿ ಏಳು ನೋಡಿದ ಮೇಲೆ, ಸದ್ಯ ಇದನ್ನು ಡಬ್ಬಿಗೆ ಹಚ್ಚಲಿಲ್ಲವಲ್ಲ ಅಂತ ಸಮಾಧಾನ.

ಉಂಗುರದ ಡಬ್ಬಿಗೆ ಶೆಲ್ಯಾಕ್ ಐದು ಕೈ, ಒಳಗೆ ಒಂದು. ಮುಚ್ಚಳ ಹಗುರವಾಗಿ ಉಸ್ ಅಂತ ಕೂರುತ್ತದೆ, ಆ ಸದ್ದಿಗೇ ಹತ್ತು ಸಲ ತೆರೆದು ಮುಚ್ಚಿದೆ. ಪದಕವನ್ನು 2000ದ ತನಕ ಉಜ್ಜಿದೆ, ಬೆರಳು ಸವೆಯಿತು, ಆದರೆ ಆ ಹೊಳಪು ಬೇರೆಯೇ. ಚೌಕಟ್ಟು ಕೆಂಪಿನ ಮೇಲೆ ಕಪ್ಪು. ಚಿನ್ನದ ಗೆರೆ ಮಾತ್ರ ಹಾವು ಹರಿದ ಹಾಗೆ ಬಂದಿದೆ, ಸ್ಪಿರಿಟ್‌ನಲ್ಲಿ ಒರೆಸಿ ಮೂರನೇ ಸಲ ಎಳೆಯಬೇಕು. ಕಾರಿನ ಮುಂಭಾಗದ ಮೇಣವನ್ನು ಮಗು ನಾಲ್ಕೇ ದಿನದಲ್ಲಿ ಜಗಿದು ಮುಗಿಸಿದೆ, ಚಕ್ರಗಳು ಭದ್ರವಾಗಿವೆ.

ಹಾಳಾದ ಪೈನ್ ಡಬ್ಬಿಯ ಪಾಲಿಯುರಥೇನ್ ಕೆರೆಯಲು ಕೂತೆ, ಅರ್ಧಕ್ಕೆ ಸಾಕಾಯ್ತು. ಮುಚ್ಚಳದ ಒಳಅಂಚನ್ನು ಮಾತ್ರ ಕೀಸಿದೆ. ಈಗ ಅದರಲ್ಲಿ ಸ್ಕ್ರೂ ಹಾಕಿಟ್ಟಿದ್ದೇನೆ.

ಆಟಿಕೆಅಮ್ಮ:
ಜಗಿದ ಕಾರಿನ ಫೋಟೋ ಹಾಕಿ, ಉಳಿದದ್ದು ಆಮೇಲೆ.